ಚಿಕ್ಕ ಫುಲ್‌ಫ್ರೇಮ್ ಕ್ಯಾಮೆರಾ ಕೊಳ್ಳುವ ಮುನ್ನ ಹೀಗೆ ತೂಗಿ ನೋಡಿ

ಸೋನಿ ಎ7ಸಿ 2 ಕ್ಯಾಮೆರಾದ ತೂಕ ಬ್ಯಾಟರಿ, ಕಾರ್ಡ್ ಸೇರಿ 514 ಗ್ರಾಂ. ಕ್ಯಾನನ್ ಆರ್8 ಇನ್ನೂ ಹಗುರ, 461 ಗ್ರಾಂ. ಎರಡರಲ್ಲೂ ಇರುವುದು 36×24 ಮಿಲಿಮೀಟರಿನ ಫುಲ್‌ಫ್ರೇಮ್ ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರ ಮಾಡುವ ಚಿಪ್. ಹಳೇ ಫಿಲಂ ರೀಲಿನ ಒಂದು ಫ್ರೇಮ್ ಎಷ್ಟು ಅಗಲವಿತ್ತೋ ಅಷ್ಟೇ. ಒಳಗೆ ಕನ್ನಡಿಯಿದ್ದ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಕಾಲದ ಕ್ಯಾನನ್ 5ಡಿ ಮಾರ್ಕ್ 3 ಸುಮಾರು 950 ಗ್ರಾಂ ತೂಗುತ್ತಿತ್ತು. ಈಗ ಅದರ ಅರ್ಧದಷ್ಟು ತೂಕದಲ್ಲಿ ಅಷ್ಟೇ ದೊಡ್ಡ ಸೆನ್ಸರ್ ಸಿಗುತ್ತಿದೆ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಗೆ ಕೈ ಊರಿಕೊಂಡು ತುಪ್ಪದ ಕೊಳದ ಬತ್ತೇರಿ ಹತ್ತುವವರಿಗೆ ಇದು ಸಣ್ಣ ಸುದ್ದಿಯಲ್ಲ.

ಆದರೆ ಅಂಗಡಿಯಲ್ಲಿ ಕೈಗೆ ಬಂದಾಗ ಹಗುರ ಅನ್ನಿಸಿತು ಅಂತ ದುಡ್ಡು ಕೊಟ್ಟುಬಿಡಬೇಡಿ. ನೀವು ಹೊರುವುದು ಬರೀ ಬಾಡಿಯನ್ನಲ್ಲ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಲೆನ್ಸನ್ನೂ ಹೊರಬೇಕು. ಬಾಡಿ ಚಿಕ್ಕದಾಗಲು ಕಂಪನಿಯವರು ಒಳಗಿಂದ ಏನೇನೋ ತೆಗೆದಿರುತ್ತಾರೆ. ಇವೆರಡನ್ನೂ ನಿಮ್ಮ ಕೆಲಸದ ಎದುರಿಗಿಟ್ಟು ನೋಡಿದರೆ ಉತ್ತರ ತಾನಾಗೇ ಸಿಗುತ್ತದೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಹಳೇ ಫೋಟೊ ತೆಗೆದು ನೋಡಿ

ಈಗ ನಿಮ್ಮ ಹತ್ತಿರ ಇರುವ ಕ್ಯಾಮೆರಾದಲ್ಲಿ ಕಳೆದ ವರ್ಷ ತೆಗೆದು, ನಿಮಗೇ ಇಷ್ಟವಾದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿಗೆ ಹಾಕಿ. ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡಿಟೇಲ್ಸ್ ತೆರೆದರೆ ಫೋಕಲ್ ಲೆಂತ್ ಎಷ್ಟು (ಈ ಎಂಎಂ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಐಎಸ್‌ಒ ಎಷ್ಟು (ಬೆಳಕು ಕಡಿಮೆಯಾದಷ್ಟೂ ಏರಿಸುವ ಅಂಕಿ), ಶಟರ್ ಎಷ್ಟು ಹೊತ್ತು ತೆರೆದಿತ್ತು ಎಲ್ಲ ಬರೆದಿರುತ್ತದೆ. ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಹೆಚ್ಚಿನವು ಹಗಲಿನಲ್ಲಿ, ಐಎಸ್‌ಒ 100ರಿಂದ 800ರ ಒಳಗೆ ತೆಗೆದವೇ? ಹಾಗಾದರೆ ಫುಲ್‌ಫ್ರೇಮ್‌ನಿಂದ ನಿಮಗೆ ಸಿಗುವ ಲಾಭ ಕಡಿಮೆ. ಬಿಸಿಲಿನಲ್ಲಿ ತೆಗೆದ ಕೋಟೆಯ ಫೋಟೊದಲ್ಲಿ ಚಿಕ್ಕ ಸೆನ್ಸರಿಗೂ ದೊಡ್ಡ ಸೆನ್ಸರಿಗೂ ಇರುವ ವ್ಯತ್ಯಾಸ ಮೊಬೈಲ್ ಪರದೆಯಲ್ಲಿ ಬಿಡಿ, ಸಾಧಾರಣ ಪ್ರಿಂಟಿನಲ್ಲೂ ಕಾಣುವುದು ಕಷ್ಟ. 3200, 6400 ಅಂತ ಜಾಸ್ತಿ ಕಂಡರೆ ಮುಂದೆ ಓದಿ.

ಲೆನ್ಸ್ ಸೇರಿಸಿ ತೂಗಿ

ಎ7ಸಿ 2ಕ್ಕೆ ಸೋನಿಯ 24-70 ಎಂಎಂ ಎಫ್2.8 ಜಿಎಂ 2 ಜೂಮ್ ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ) ಹಾಕಿದರೆ 695 ಗ್ರಾಂ ಸೇರಿ ಒಟ್ಟು 1209 ಗ್ರಾಂ. ಚಿಕ್ಕ ಕ್ಯಾಮೆರಾ ಎಂಬ ಮಾತು ಅಲ್ಲಿಗೆ ಮುಗಿಯಿತು. ಮೇಲಾಗಿ ಮುಂಭಾರವಾಗಿ, ಕಿರುಬೆರಳಿಗೆ ಹಿಡಿತ ಸಿಗದೆ ಕೈ ಸೋಲುತ್ತದೆ. ಅದೇ ಕ್ಯಾಮೆರಾಗೆ 186 ಗ್ರಾಂನ 50 ಎಂಎಂ ಎಫ್1.8 ಹಾಕಿದರೆ ಒಟ್ಟು 700 ಗ್ರಾಂ. ಕ್ಯಾನನ್ ಆರ್8ಕ್ಕೆ 120 ಗ್ರಾಂನ 28 ಎಂಎಂ ಎಫ್2.8 ಮತ್ತು 160 ಗ್ರಾಂನ 50 ಎಂಎಂ ಎಫ್1.8 ಎರಡನ್ನೂ ಸೇರಿಸಿದರೂ 741 ಗ್ರಾಂ ದಾಟುವುದಿಲ್ಲ. ಕೋಟೆ, ಚಂದ್ರವಳ್ಳಿ, ಸಂತೆಬೆನ್ನೂರಿನ ಪುಷ್ಕರಣಿ ಅಂತ ದಿನವಿಡೀ ತಿರುಗುವವರಿಗೆ ಇಷ್ಟು ಸಾಕು.

ಅಂದಾಜು ಸಿಗಬೇಕೆಂದರೆ ಸುಲಭದ ದಾರಿಯಿದೆ. ನೀವು ಕೊಳ್ಳಬೇಕೆಂದಿರುವ ಬಾಡಿ, ಲೆನ್ಸುಗಳ ತೂಕ ಕೂಡಿಸಿ. ಅಷ್ಟೇ ತೂಕದ ನೀರು ತುಂಬಿದ ಬಾಟಲಿಯನ್ನು ಚೀಲದಲ್ಲಿಟ್ಟು ಕುತ್ತಿಗೆಗೆ ನೇತುಹಾಕಿಕೊಂಡು ಒಂದು ಬೆಳಿಗ್ಗೆ ಕೋಟೆ ಹತ್ತಿ ಇಳಿಯಿರಿ. ಲೀಟರಿಗೆ ಒಂದು ಕೆಜಿ ಲೆಕ್ಕ. ಏಕನಾಥೇಶ್ವರಿ ಗುಡಿ ಮುಟ್ಟುವಷ್ಟರಲ್ಲಿ ನಿಮ್ಮ ಕುತ್ತಿಗೆಯೇ ತೀರ್ಪು ಹೇಳುತ್ತದೆ.

ಹಕ್ಕಿ ಫೋಟೊ ತೆಗೆಯುವವರಿಗೆ ಲೆಕ್ಕವೇ ಬೇರೆ. ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರ್ ಇರುವ ಸೋನಿ ಕ್ಯಾಮೆರಾ ಎ6700 ತೂಗುವುದು 493 ಗ್ರಾಂ. ಎ7ಸಿ 2ಕ್ಕಿಂತ 21 ಗ್ರಾಂ ಕಡಿಮೆ, ಅಷ್ಟೇ. ಆದರೆ ಅದಕ್ಕೆ 625 ಗ್ರಾಂನ 70-350 ಲೆನ್ಸ್ ಹಾಕಿದರೆ ಫುಲ್‌ಫ್ರೇಮ್‌ನ 525 ಎಂಎಂನಷ್ಟು ಹತ್ತಿರ ತೋರಿಸುತ್ತದೆ. ಫುಲ್‌ಫ್ರೇಮ್‌ನಲ್ಲಿ ಅಷ್ಟು ಹತ್ತಿರ ಹೋಗಬೇಕೆಂದರೆ ಸೋನಿಯ 200-600ರಂಥ ಲೆನ್ಸ್ ಬೇಕು. ಅದರ ತೂಕವೇ 2115 ಗ್ರಾಂ. ಬೆಳಿಗ್ಗೆ ದಾವಣಗೆರೆಯ ಕುಂದುವಾಡ ಕೆರೆ ಏರಿ ಮೇಲೆ ನಡೆಯುತ್ತಾ ಹಕ್ಕಿ ನೋಡುವವರು ದಯವಿಟ್ಟು ಚಿಕ್ಕ ಸೆನ್ಸರಿನ ಕ್ಯಾಮೆರಾವನ್ನೇ ಕೊಳ್ಳಿ. ಉಳಿದ ದುಡ್ಡು ಲೆನ್ಸಿಗೆ ಹಾಕಿ.

ಬೆಳಕಿನ ಲೆಕ್ಕ ಮಾಡಿ

ಮೋಸ ಹೋಗುವ ಜಾಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6 ಮಿಲಿಮೀಟರ್. ಫುಲ್‌ಫ್ರೇಮ್‌ನ ವಿಸ್ತೀರ್ಣ ಅದರ ಸುಮಾರು 2.3 ಪಟ್ಟು. ಒಂದೇ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಎಫ್ ಅಂಕಿ ಹೇಳುವುದು ಇದನ್ನೇ), ಒಂದೇ ಶಟರ್ ಇಟ್ಟರೆ ಅಷ್ಟು ಪಟ್ಟು ಬೆಳಕು ಬೀಳುತ್ತದೆ. ಫೋಟೊಗ್ರಾಫರುಗಳ ಮಾತಿನಲ್ಲಿ ಒಂದು ಸ್ಟಾಪ್‌ಗಿಂತ (ಅಂದರೆ ಎರಡು ಪಟ್ಟಿಗಿಂತ) ಸ್ವಲ್ಪ ಹೆಚ್ಚು. ಕತ್ತಲಲ್ಲಿ ತೆಗೆದ ಫೋಟೊದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಕಡಿಮೆಯಾಗುವುದು ಇದರಿಂದಲೇ.

ಈಗ ಚಿಕ್ಕ ಫುಲ್‌ಫ್ರೇಮ್‌ಗೆ ಹೊಂದುವ ಚಿಕ್ಕ ಜೂಮ್ ನೋಡಿ. ಸೋನಿಯ 28-60 ಲೆನ್ಸ್ ಕೇವಲ 167 ಗ್ರಾಂ. ಆದರೆ 60 ಎಂಎಂಗೆ ಹೋದಾಗ ಅದರ ಅಪರ್ಚರ್ ಎಫ್5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅತ್ತ ಎಪಿಎಸ್-ಸಿ ಕ್ಯಾಮೆರಾಗೆ ಸಿಗ್ಮಾದ 18-50 ಎಫ್2.8 ಹಾಕಬಹುದು. ಅದೂ 300 ಗ್ರಾಂ ಒಳಗೇ ಇದೆ. ಎಫ್5.6ಕ್ಕಿಂತ ಎಫ್2.8ರಲ್ಲಿ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಸೆನ್ಸರ್ 2.3 ಪಟ್ಟು ಚಿಕ್ಕದಿದ್ದರೂ ಕೊನೆಗೆ ಸುಮಾರು 1.7 ಪಟ್ಟು ಬೆಳಕು ಪಡೆಯುವುದು ಆ ಚಿಕ್ಕ ಸೆನ್ಸರಿನ ಕ್ಯಾಮೆರಾವೇ! ಅಂದರೆ ಫುಲ್‌ಫ್ರೇಮ್‌ಗೆ ಅಂತ ಹೆಚ್ಚು ದುಡ್ಡು ಕೊಟ್ಟು, ಹಗುರವಾಗಲಿ ಅಂತ ಮಂದ ಜೂಮ್ ಹಾಕಿದರೆ, ಕೊಟ್ಟ ದುಡ್ಡಿನ ಲಾಭವನ್ನು ನೀವೇ ಬಿಟ್ಟುಕೊಟ್ಟಂತೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಳಗೆ ಫೋಟೊ ತೆಗೆಯಲು ನೋಡಿ, ಇದು ಅರ್ಥವಾಗುತ್ತದೆ. ಹೊಗೆ, ಮಸಿ ಹಿಡಿದ ಗೋಡೆ, ಒಲೆಯ ಬೆಂಕಿಯ ಬೆಳಕು. ಹುರಿಯುವವರ ಕೈ ನಿಲ್ಲುವುದೇ ಇಲ್ಲ. ಆ ಕೈ ಮಸುಕಾಗದಂತೆ ಹಿಡಿಯಲು ಶಟರ್ 1/250 ಸೆಕೆಂಡಿನ ಆಸುಪಾಸು ಬೇಕು. ಅಲ್ಲಿ ಕೈಹಿಡಿಯುವುದು ಎಫ್1.8 ಲೆನ್ಸ್. ಅಂಥ ಲೆನ್ಸ್ ಜೊತೆಗಿದ್ದಾಗಲೇ ದೊಡ್ಡ ಸೆನ್ಸರ್ ತನ್ನ ಬೆಲೆಗೆ ನ್ಯಾಯ ಕೊಡುವುದು. ಆದ್ದರಿಂದ ನನ್ನ ಸಲಹೆ ಇಷ್ಟೇ: ಚಿಕ್ಕ ಫುಲ್‌ಫ್ರೇಮ್ ಕೊಂಡರೆ ಒಂದೆರಡು ಚಿಕ್ಕ ಪ್ರೈಮ್ ಲೆನ್ಸ್ (ಜೂಮ್ ಆಗದ ಲೆನ್ಸ್) ಜೊತೆಗೇ ಕೊಳ್ಳಿ. ಜೂಮ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಈ ಜಾತಿಯ ಕ್ಯಾಮೆರಾದ ಗೋಜಿಗೇ ಹೋಗಬೇಡಿ.

ಏನೇನು ತೆಗೆದಿದ್ದಾರೆ ನೋಡಿ

ಸೋನಿಯ ದೊಡ್ಡ ಬಾಡಿಯ ಎ7 4 ಮತ್ತು ಚಿಕ್ಕ ಎ7ಸಿ 2, ಎರಡೂ 33 ಮೆಗಾಪಿಕ್ಸೆಲ್. ತೂಕದ ವ್ಯತ್ಯಾಸ 144 ಗ್ರಾಂ. ಆ 144 ಗ್ರಾಂನಲ್ಲಿ ಹೋಗಿರುವುದು ಎರಡನೇ ಕಾರ್ಡ್ ಸ್ಲಾಟ್, ಫೋಕಸ್ ಬಿಂದು ಸರಿಸುವ ಜಾಯ್‌ಸ್ಟಿಕ್, ಒಳ್ಳೆಯ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ). ದೊಡ್ಡದರಲ್ಲಿ ವ್ಯೂಫೈಂಡರಿಗೆ 36.9 ಲಕ್ಷ ಚುಕ್ಕಿ, ಚಿಕ್ಕದರಲ್ಲಿ 23.6 ಲಕ್ಷ. ಕಾಣುವ ಚಿತ್ರವೂ ಸ್ವಲ್ಪ ಚಿಕ್ಕದು.

ಇದರಲ್ಲಿ ಕಾರ್ಡ್ ಸ್ಲಾಟ್ ವಿಷಯ ಮದುವೆ ಫೋಟೊ ತೆಗೆಯುವವರಿಗೆ ತುಂಬಾ ದೊಡ್ಡದು. ಧಾರೆ ಎರೆಯುವುದು, ತಾಳಿ ಕಟ್ಟುವುದು ಎರಡನೇ ಸಲ ನಡೆಯುವುದಿಲ್ಲ. ಕಾರ್ಡ್ ಕೆಟ್ಟರೆ ಆ ಮನೆಯವರಿಗೆ ಏನು ಹೇಳುವುದು? ದುಡ್ಡು ತೆಗೆದುಕೊಂಡು ಮದುವೆ ಮಾಡಿಕೊಡುವವರು ಒಂದೇ ಸ್ಲಾಟಿನ ಕ್ಯಾಮೆರಾವನ್ನು ಮುಖ್ಯ ಕ್ಯಾಮೆರಾ ಮಾಡಿಕೊಳ್ಳಬಾರದು. ಈ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಎರಡನೇ ಕ್ಯಾಮೆರಾ ಆಗಿ ಇರಲಿ, ಅಡ್ಡಿಯಿಲ್ಲ.

ಕೈ ಅಲುಗಿದ್ದನ್ನು ಸೆನ್ಸರನ್ನೇ ಸರಿಸಿ ಸರಿದೂಗಿಸುವ ವ್ಯವಸ್ಥೆ ಆರ್8ರಲ್ಲಿ ಇಲ್ಲ. ಎ7ಸಿ 2ರಲ್ಲಿ ಇದೆ. ಇದು ಬೇಕೋ ಬೇಡವೋ ಅನ್ನುವುದು ನಿಮ್ಮ ವಿಷಯದ ಮೇಲೆ ನಿಂತಿದೆ. ಚಂದ್ರವಳ್ಳಿಯ ಅಂಕಲಿ ಮಠದ ಒಳಗೆ ಟಾರ್ಚ್ ಇಲ್ಲದೆ ದಾರಿಯೇ ಕಾಣದು. ಆದರೆ ಅಲ್ಲಿನ ಗೋಡೆ ಕದಲುವುದಿಲ್ಲ. ಉಸಿರು ಬಿಗಿಹಿಡಿದು 1/4 ಸೆಕೆಂಡಿನಲ್ಲೂ ಕೈಯಲ್ಲೇ ಹಿಡಿದು ತೆಗೆಯಲು ಈ ವ್ಯವಸ್ಥೆ ನೆರವಾಗುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ಇದರಿಂದ ಹೆಚ್ಚು ಉಪಯೋಗವಿಲ್ಲ, ಯಾಕೆಂದರೆ ಅಲ್ಲಿ ಅಲುಗುವುದು ಜನ.

ಬ್ಯಾಟರಿಯಲ್ಲಿ ಸೋನಿ ಮುಂದೆ. ಅದರದ್ದು 2280 ಎಂಎಎಚ್, ಆರ್8ರದ್ದು 1040. ಆರ್8 ಕೊಳ್ಳುವವರು ಕಡೇಪಕ್ಷ ಎರಡು ಹೆಚ್ಚುವರಿ ಬ್ಯಾಟರಿಯ ಬೆಲೆಯನ್ನೂ ಮೊದಲೇ ಸೇರಿಸಿಕೊಳ್ಳಿ.

ಪ್ಯಾನಸೋನಿಕ್ ಎಸ್9 ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2024ರಲ್ಲಿ ಬಂದ 486 ಗ್ರಾಂನ ಈ ಕ್ಯಾಮೆರಾದಲ್ಲಿ ವ್ಯೂಫೈಂಡರೇ ಇಲ್ಲ, ಮೆಕ್ಯಾನಿಕಲ್ ಶಟರೂ ಇಲ್ಲ. ಮೇಲಿನ ಶೂಗೆ (ಫ್ಲ್ಯಾಶ್ ಸಿಕ್ಕಿಸುವ ಜಾಗ) ಫ್ಲ್ಯಾಶ್ ಹಾಕಿದರೆ ಉರಿಯುವುದಿಲ್ಲ. ವಿಡಿಯೊ ಮಾಡುವವರಿಗೆ ಚೆನ್ನಾಗಿದೆ. ಆದರೆ ದುರ್ಗದ ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿನ ಪರದೆ ನೋಡಿ ಫ್ರೇಮ್ ಮಾಡುವುದು ತ್ರಾಸ. ಬರೀ ಎಲೆಕ್ಟ್ರಾನಿಕ್ ಶಟರ್ ಇದ್ದರೆ ಎಲ್‌ಇಡಿ ದೀಪದ ಕೆಳಗೆ ಫೋಟೊದಲ್ಲಿ ಪಟ್ಟೆಪಟ್ಟೆ ಬೀಳುವ ಅಪಾಯವೂ ಇದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ರಾತ್ರಿಯಲ್ಲಿ ಇರುವುದೆಲ್ಲಾ ಅಂಥ ದೀಪವೇ ಅಲ್ವಾ?

ವಿಡಿಯೊ ಮಾತು ಬಂತು. ಈ ಚಿಕ್ಕ ಬಾಡಿಗಳಲ್ಲಿ ಫ್ಯಾನ್ ಇಲ್ಲ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ನಿಂತು ಉದ್ದಕ್ಕೆ 4ಕೆ ರೆಕಾರ್ಡ್ ಮಾಡಿದರೆ ಬಿಸಿಯಾಗಿ ತಾನೇ ಆಫ್ ಆಗಬಹುದು. ಸೋನಿಯಲ್ಲಿ ಆಟೊ ಪವರ್ ಆಫ್ ಟೆಂಪ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ಹೈಗೆ ಇಟ್ಟುಕೊಳ್ಳಿ. ನಡುನಡುವೆ ನೆರಳಿಗೆ ತನ್ನಿ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ

ನಿಮ್ಮ ಕಾರ್ಡನ್ನೇ ತೆಗೆದುಕೊಂಡು ಹೋಗಿ. ನೀವು ಬಳಸುವ ಅತಿ ಭಾರದ ಲೆನ್ಸನ್ನು ಹಾಕಿಸಿ, ಐದು ನಿಮಿಷ ಒಂದೇ ಕೈಯಲ್ಲಿ ಹಿಡಿದು ನಿಲ್ಲಿ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ವ್ಯೂಫೈಂಡರ್ ನೋಡಿ, ನಾಲ್ಕೂ ಮೂಲೆ ಕಾಣುತ್ತದೆಯೇ? ಅಂಗಡಿಯವರನ್ನು ಕೇಳಿ ಬಾಗಿಲ ಹೊರಗೆ ಬಿಸಿಲಿನಲ್ಲೂ ನೋಡಿ. ಅಂಗಡಿಯ ಕತ್ತಲ ಮೂಲೆಯಲ್ಲಿ ಐಎಸ್‌ಒ 6400 ಇಟ್ಟು ನಾಲ್ಕು ಫೋಟೊ ತೆಗೆಯಿರಿ. ಅದೇ ಮೂಲೆಯನ್ನು ಎಪಿಎಸ್-ಸಿ ಕ್ಯಾಮೆರಾಗೆ ಎಫ್2.8 ಜೂಮ್ ಹಾಕಿಯೂ ತೆಗೆಯಿರಿ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೆ ಆ ದುಡ್ಡು ಉಳಿಯಿತು. ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು, ಒಂದು ದಿನ ತಂದು ನಿಮ್ಮ ಜಾಗದಲ್ಲೇ ಬಳಸಿ.

ದುಡ್ಡು, ಬಿಲ್

ಕೈಯಲ್ಲಿರುವ ಒಟ್ಟು ಹಣದಲ್ಲಿ ಮೊದಲು ಲೆನ್ಸಿಗೆ ಎಷ್ಟು ಅಂತ ತೆಗೆದಿಡಿ, ಆಮೇಲೆ ಕ್ಯಾಮೆರಾಗೆ. ಕ್ಯಾಮೆರಾಗೆ ಹಣ ಸಾಲದೆ ಬಂದರೆ ಹಿಂದಿನ ಮಾದರಿ ನೋಡಿ. 2020ರ ಎ7ಸಿ, 2019ರ ಕ್ಯಾನನ್ ಆರ್‌ಪಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಪ್ರವಾಸದ ಫೋಟೊಗೆ ಇಂದಿಗೂ ಸಾಕು. ಆರ್‌ಪಿಯ ಬ್ಯಾಟರಿ ಮಾತ್ರ ಬೇಗ ಮುಗಿಯುತ್ತದೆ. ಕಂಪನಿ ಲೆಕ್ಕದಲ್ಲೇ ಒಂದು ಚಾರ್ಜಿಗೆ 250 ಫೋಟೊ.

ಹೊಸತು ಕೊಳ್ಳುವಾಗ "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀವಿ" ಅಂದರೆ ಒಪ್ಪಬೇಡಿ. ಜಿಎಸ್‌ಟಿ ಬಿಲ್ ಮತ್ತು ಭಾರತದಲ್ಲಿ ನಡೆಯುವ ವಾರಂಟಿ ಎರಡೂ ಬೇಕು. ದುಡ್ಡು ಕೊಡುವ ಮೊದಲು ಬಿಲ್ಲಿನಲ್ಲಿ, ಪೆಟ್ಟಿಗೆಯ ಮೇಲೆ, ಕ್ಯಾಮೆರಾದ ಮೈಮೇಲೆ ಇರುವ ಸೀರಿಯಲ್ ನಂಬರ್ ಮೂರೂ ಒಂದೇ ಇದೆಯೇ ಅಂತ ನೋಡಿಕೊಳ್ಳಿ. ಲೆನ್ಸಿಗೂ ಅದೇ ರೀತಿ ನೋಡಿ.