ಮಂಕಾದ ಹೆಡ್‌ಲೈಟ್‌ಗೆ ಟೂತ್‌ಪೇಸ್ಟ್ ಬೇಡ, ವಾಟರ್ ಪೇಪರ್ ಹಿಡಿಯಿರಿ

ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಕಾರಿನ ಹೆಡ್‌ಲೈಟ್ ಪೊರೆ ಬಂದ ಕಣ್ಣಿನಂತಾಗುವುದು ಕೊಳೆಯಿಂದಲ್ಲ. ಅಂಬಾಸಿಡರ್ ಕಾಲದ ಗಾಜು ಈಗಿಲ್ಲ. ಇವತ್ತಿನ ಲೆನ್ಸ್ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅದನ್ನು ಕಾಯಲೆಂದು ಕಾರ್ಖಾನೆಯಲ್ಲಿ ಹಾಕಿದ, ಬಿಸಿಲಿನ ಅತಿನೇರಳೆ ಕಿರಣ ತಡೆಯುವ ತೆಳು ಯುವಿ ಲೇಪ ಬಿಸಿಲಿಗೆ ಸತ್ತು ಹಳದಿಗಟ್ಟಿರುತ್ತದೆ. ಸತ್ತ ಲೇಪವನ್ನು ಪೂರ್ತಿ ತೆಗೆಯಬೇಕು, ಹೊಸತು ಹಾಕಬೇಕು. ಹೆಚ್ಚಿನವರು ಮೊದಲನೆಯದನ್ನು ಅರ್ಧಕ್ಕೆ ಬಿಡುತ್ತಾರೆ, ಎರಡನೆಯದನ್ನು ಮರೆತೇಬಿಡುತ್ತಾರೆ.

ಟೂತ್‌ಪೇಸ್ಟ್‌ನಿಂದ ಹೊಳಪು ಬರುವುದು ಸುಳ್ಳಲ್ಲ, ಅದರಲ್ಲಿ ಉಜ್ಜುವ ಪುಡಿಯಿದೆ. ಆದರೆ ಲೇಪವಿಲ್ಲದ ಪ್ಲಾಸ್ಟಿಕ್ ಕೆಲವೇ ತಿಂಗಳಲ್ಲಿ ಮತ್ತೆ ಮಂಕು. ಹೊಳಪಿಗೆಂದು ಕೆಲವರು ಬಳಸುವ, ಮೈಗೆ ಹಚ್ಚುವ ಸೊಳ್ಳೆ ಸ್ಪ್ರೇಯಂತೂ ಬೇಡವೇ ಬೇಡ. ಅದರಲ್ಲಿರುವ ಡೀಟ್ ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸುತ್ತದೆ.

ಶುರು ಮಾಡುವ ಮುಂಚೆ ಲೆನ್ಸಿಗೆ ನೀರು ಚಿಮುಕಿಸಿ ನೋಡಿ. ಒದ್ದೆಯಾದಾಗ ತಿಳಿಯಾದರೆ ದೋಷ ಹೊರಮೈಯಲ್ಲಿದೆ, ಸರಿಹೋಗುತ್ತದೆ. ಒದ್ದೆಯಾದರೂ ಮಂಕಾಗಿಯೇ ಇದ್ದರೆ ಒಳಗಡೆ ಮಂಜು ಹಿಡಿದಿದೆ ಅಥವಾ ಬಿರುಕು ಆಳಕ್ಕಿಳಿದಿದೆ. ಹೊರಗಿನಿಂದ ಎಷ್ಟು ಉಜ್ಜಿದರೂ ದಂಡ.

ಬೇಕಾದದ್ದು: 800, 1500, 2000 ನಂಬರಿನ ವಾಟರ್ ಪೇಪರ್ (ನೀರಲ್ಲಿ ನೆನೆಸಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ತರಿ ಸಣ್ಣ), ಮಾಸ್ಕಿಂಗ್ ಟೇಪ್, ಸ್ಪಾಂಜಿನ ತುಂಡು, ನಾಲ್ಕು ಹನಿ ಶಾಂಪೂ ಬೆರೆಸಿದ ನೀರು, ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಡಬ್ಬಿ ಟೂಕೆ (2K) ಕ್ಲಿಯರ್ ಸ್ಪ್ರೇ, ಅಂದರೆ ಗಟ್ಟಿಯಾಗಿಸುವ ಹಾರ್ಡನರ್ ಡಬ್ಬಿಯೊಳಗೇ ಬೇರೆಯಾಗಿರುವ ಪಾರದರ್ಶಕ ಲೇಪ.

ಲೆನ್ಸ್ ತೊಳೆದು, ಸುತ್ತಲ ಪೇಂಟಿನ ಮೇಲೆ ಎರಡು ಪದರ ಟೇಪ್ ಅಂಟಿಸಿ.

ಎಡವುವುದು ಉಜ್ಜುವಾಗ. ಬೇಗ ಮುಗಿಯಲೆಂದು ನೇರವಾಗಿ 2000ಕ್ಕೆ ಕೈಹಾಕಿದರೆ ಹಳೆ ಲೇಪ ಜಗ್ಗುವುದಿಲ್ಲ. ಪೇಪರನ್ನು ಹತ್ತು ನಿಮಿಷ ನೆನೆಸಿ, ಸ್ಪಾಂಜಿಗೆ ಸುತ್ತಿ. ಬರಿ ಬೆರಳಿಂದ ಒತ್ತಿದರೆ ಗೆರೆಗೆರೆ ತಗ್ಗು ಬೀಳುತ್ತದೆ. 800ರಲ್ಲಿ ಅಡ್ಡಡ್ಡ ಉಜ್ಜಿ, ನೀರು ಬಿಡುತ್ತಲೇ ಇರಿ. ಮೊದಲು ಹಳದಿ ಹಾಲಿನಂಥ ನೀರು ಇಳಿಯುತ್ತದೆ. ಅದು ಅಚ್ಚ ಬಿಳಿಯಾಗುವವರೆಗೆ ನಿಲ್ಲಿಸಬೇಡಿ. ಆಮೇಲೆ ಒರೆಸಿ, ಒಣಗಿಸಿ ನೋಡಿ, ಒದ್ದೆ ಲೆನ್ಸ್ ಎಲ್ಲ ಹುಳುಕನ್ನೂ ಮುಚ್ಚಿಡುತ್ತದೆ. ಒಣಗಿದಾಗ ನಕಾಶೆಯ ದ್ವೀಪಗಳಂತೆ ಅಲ್ಲಲ್ಲಿ ಹೊಳೆಯುವ ತೇಪೆ ಕಂಡರೆ ಅದೇ ಉಳಿದ ಲೇಪ. ಮೇಲ್ಭಾಗದಲ್ಲಿ ಬಿಸಿಲು ಅದನ್ನು ಮೊದಲೇ ಸಡಿಲಿಸಿರುತ್ತದೆ. ಕೆಳ ಅಂಚಿನಲ್ಲೂ ಮೂಲೆಯಲ್ಲೂ ಗಟ್ಟಿ ಕೂತಿರುತ್ತದೆ, ಬೆವರು ಸುರಿಯುವುದು ಅಲ್ಲೇ.

ನೀರು ಬದಲಿಸಿ, 1500ರಲ್ಲಿ ಉದ್ದುದ್ದ ಉಜ್ಜಿ. ಅಡ್ಡ ಗೆರೆ ಒಂದೂ ಉಳಿಯಬಾರದು. 2000ರಲ್ಲಿ ಮತ್ತೆ ಅಡ್ಡ. ಕೊನೆಗೆ ಲೆನ್ಸ್ ಬಚ್ಚಲುಮನೆ ಕಿಟಕಿಯ ಗಾಜಿನಂತೆ ಒಂದೇ ಸಮ ಬೆಳ್ಳಗಾಗುತ್ತದೆ. ಹಾಳಾಯಿತೆಂದು ಗಾಬರಿಬಿದ್ದು ಪಾಲಿಶ್ ಹಾಕಬೇಡಿ. ಆ ತರಿಯೇ ಹೊಸ ಲೇಪಕ್ಕೆ ಹಿಡಿತ. ನುಣ್ಣಗಾದ ಮೈಮೇಲೆ ಹೊಡೆದ ಕ್ಲಿಯರ್ ಸಿಪ್ಪೆ ಏಳುತ್ತದೆ.

ಆಲ್ಕೋಹಾಲಿನಲ್ಲಿ ಒರೆಸಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಿದರೆ ಪಾಲಿಕಾರ್ಬೊನೇಟ್ ಬಿರಿಯುತ್ತದೆ.

ಟೂಕೆ ಡಬ್ಬಿಯ ತಳದ ಗುಂಡಿ ಒತ್ತಿದರೆ ಒಳಗೆ ಹಾರ್ಡನರ್ ಬೆರೆಯುತ್ತದೆ. ಎರಡು ನಿಮಿಷ ಚೆನ್ನಾಗಿ ಕುಲುಕಿ. ಅಲ್ಲಿಂದ ಡಬ್ಬಿಯೊಳಗೇ ಗಟ್ಟಿಯಾಗತೊಡಗುವುದರಿಂದ ಎರಡೂ ಲೈಟ್ ಒಂದೇ ದಿನ ಮುಗಿಸಿ. ಒಂದಡಿಗಿಂತ ತುಸು ಹತ್ತಿರದಿಂದ ಮೊದಲ ಸಲ ಮಂಜು ಬಿದ್ದಂತೆ ತೆಳ್ಳಗೆ, ಹತ್ತತ್ತು ನಿಮಿಷ ಬಿಟ್ಟು ಇನ್ನೆರಡು ಸಲ ಒದ್ದೆಯಾಗುವಂತೆ ಹೊಡೆಯಿರಿ. ಒಂದೇ ಸಲ ದಪ್ಪ ಹೊಡೆದರೆ ಕಣ್ಣೀರಿನಂತೆ ಇಳಿಯುತ್ತದೆ. ನೆರಳಿರಲಿ, ಲೆನ್ಸ್ ತಣ್ಣಗಿರಲಿ. ಮಳೆಗಾಲದ ಥಂಡಿಯಲ್ಲಿ ಬೇಡ, ತೇವಕ್ಕೆ ಕ್ಲಿಯರ್ ಬೆಳ್ಳಗಾಗುತ್ತದೆ.

ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಸಾಲದು. ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಬೇಕು, ಗಾಳಿಯಾಡುವ ಕಡೆ ಹೊಡೆಯಬೇಕು. ಅಂಥ ಮಾಸ್ಕ್ ಇಲ್ಲದವರು ಕ್ಲಿಯರ್ ಬಿಟ್ಟು, 3000 ಪೇಪರ್ ಹಾಕಿ, ಉಜ್ಜುವ ಪೇಸ್ಟಾದ ರಬ್ಬಿಂಗ್ ಕಾಂಪೌಂಡಿನಿಂದ ಪಾಲಿಶ್ ಮಾಡಿ, ಬಟ್ಟೆಯಲ್ಲಿ ಒರೆಸಿ ಹಚ್ಚುವ ಯುವಿ ಸೀಲಂಟ್ ಬಳಸಲಿ. ಬಾಳಿಕೆ ಕಡಿಮೆ, ಆಗಾಗ ಮತ್ತೆ ಹಚ್ಚಬೇಕಾಗುತ್ತದೆ.

ಕೊನೆಯ ಕೋಟ್ ಇನ್ನೂ ಅಂಟಂಟಾಗಿರುವಾಗಲೇ ಟೇಪ್ ಓರೆಯಾಗಿ ಎಳೆದು ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಎಳೆದರೆ ಅಂಚೂ ಕಿತ್ತು ಬರುತ್ತದೆ. ಒಂದು ದಿನ ನೀರು ಸೋಕಬಾರದು, ಒಂದು ವಾರ ಕಾರ್ ವಾಶ್ ಬೇಡ.