ಹ್ಯಾಂಡ್ ಬ್ರೇಕ್ ಎಳೆದ್ರೆ ಸಾಕಾ? ಇಳಿಜಾರಲ್ಲಿ ಕಾರು ನಿಲ್ಸೋ ಸರಿಯಾದ ಕ್ರಮ

ಮಳೆಗಾಲ ಶುರುವಾದ್ರೆ ಸಾಕು, ಚಾರ್ಮಾಡಿ ಘಾಟಿಲಿ ರಸ್ತೆ ಪಕ್ಕದಲ್ಲೇ ನೀರು ಧುಮುಕೋದನ್ನ ನೋಡೋಕೆ ಜನ ಎಲ್ಲೆಂದ್ರಲ್ಲಿ ಕಾರು ನಿಲ್ಲಿಸ್ತಾರೆ. ಇಳಿಜಾರು ಅಂತ ಗೊತ್ತಿದ್ರೂ ಗೇರ್ ನ್ಯೂಟ್ರಲ್‌ಗೆ ತಳ್ಳಿ, ಹ್ಯಾಂಡ್ ಬ್ರೇಕ್ ಒಂದ್ಸಲ ಕರ್ರ್ ಅಂತ ಎಳ್ದು, ಮಕ್ಕಳನ್ನ ಹಿಂದಿನ ಸೀಟಲ್ಲೇ ಬಿಟ್ಟು ಫೋಟೋ ತೆಗೆಯೋಕೆ ಇಳಿದುಬಿಡ್ತಾರೆ. ನೋಡಿದಾಗೆಲ್ಲ ಎದೆ ಝಲ್ ಅನ್ನುತ್ತೆ. ಘಾಟಿಯೇ ಆಗ್ಬೇಕು ಅಂತೇನಿಲ್ಲ, ಮಡಿಕೇರಿ ಪೇಟೆಯ ಏರು ರಸ್ತೆ, ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನ ರ‍್ಯಾಂಪ್, ಮನೆ ಮುಂದಿನ ಗೇಟಿನ ಇಳಿಜಾರು, ಎಲ್ಲಾ ಕಡೆನೂ ಇದೇ ಕಥೆ.

ಮೊದ್ಲು ಹ್ಯಾಂಡ್ ಬ್ರೇಕ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳೋಣ. ಕಾಲಲ್ಲಿ ಒತ್ತೋ ಬ್ರೇಕು ಬ್ರೇಕ್ ಆಯಿಲ್ ಪ್ರೆಶರ್ ಮೇಲೆ ನಡೆಯುತ್ತೆ, ನಾಲ್ಕೂ ಚಕ್ರ ಹಿಡಿಯುತ್ತೆ. ಕೈಯಲ್ಲಿ ಎಳೆಯೋದು ಹಾಗಲ್ಲ, ಸೈಕಲ್ ಬ್ರೇಕಿನ ತರ ಅದಕ್ಕೆ ಇರೋದು ಒಂದು ತಂತಿ ಕೇಬಲ್, ಮತ್ತೆ ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯೋದು ಹಿಂದಿನ ಎರಡು ಚಕ್ರಗಳನ್ನ ಮಾತ್ರ. ಆ ಕೇಬಲ್ ದಿನಾ ಎಳೆದು ಎಳೆದು ಸಡಿಲ ಆಗುತ್ತೆ, ಚಕ್ರದ ಡ್ರಮ್ ಒಳಗೆ ಒತ್ತಿ ಹಿಡಿಯೋ ಬ್ರೇಕ್ ಶೂ ಸವೆಯುತ್ತೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಆದ್ರೆ ಕಾರನ್ನ ಗೇರಲ್ಲಿ ಹಾಕಿ ನಿಲ್ಲಿಸಿದ್ರೆ ಇಂಜಿನ್ ಮುಂದಿನ ಚಕ್ರಗಳನ್ನ ಹಿಡ್ಕೊಳ್ಳುತ್ತೆ, ನಮ್ಮ ರಸ್ತೆಲಿ ಓಡೋ ಬಹುತೇಕ ಸಣ್ಣ ಕಾರುಗಳು ಫ್ರಂಟ್ ವೀಲ್ ಡ್ರೈವ್ ತಾನೇ. ಅಂದ್ರೆ ಹ್ಯಾಂಡ್ ಬ್ರೇಕ್ ಪ್ಲಸ್ ಗೇರ್ ಸೇರಿದ್ರೇನೇ ನಾಲ್ಕು ಚಕ್ರ ಹಿಡಿದ ಹಾಗೆ. ಒಂದು ಕೈಕೊಟ್ರೂ ಇನ್ನೊಂದು ಇರುತ್ತೆ.

ಮ್ಯಾನುಯಲ್ ಗೇರ್ ಗಾಡಿ ಆದ್ರೆ

ಕಾಲಿನ ಬ್ರೇಕ್ ಒತ್ತಿ ಗಾಡಿ ಪೂರ್ತಿ ನಿಲ್ಲಿಸಿ. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ. ಕಾಲು ಬ್ರೇಕ್ ಮೇಲೇ ಇರ್ಲಿ, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಮೇಲಕ್ಕೆ ಎಳೀರಿ. ಈಗ ಬಹಳ ಜನ ಬಿಟ್ಟುಬಿಡೋ ಹೆಜ್ಜೆ ಇದೆ ನೋಡಿ: ಕಾಲನ್ನ ಬ್ರೇಕಿಂದ ನಿಧಾನಕ್ಕೆ ಎತ್ತಿ. ಗಾಡಿ ಒಂದು ಚೂರು ಕುಲುಕಿ ಹಿಂದಿನ ಚಕ್ರಗಳ ಮೇಲೆ ಭಾರ ಬಿಟ್ಟು ನಿಲ್ಲುತ್ತೆ, ಅದು ಸೀಟಲ್ಲಿ ಕೂತವರಿಗೆ ಗೊತ್ತಾಗುತ್ತೆ. ಜಾರಿದ್ರೆ ತಕ್ಷಣ ಬ್ರೇಕ್ ಒತ್ತಿ, ಹ್ಯಾಂಡ್ ಬ್ರೇಕನ್ನ ಇನ್ನೊಂದೆರಡು ಟಕ್ ಮೇಲಕ್ಕೆ ಎಳೀರಿ. ಆಮೇಲೆ ಮತ್ತೆ ಬ್ರೇಕ್ ಒತ್ತಿ, ಇಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ ಗೇರ್ ಹಾಕಿ, ಕ್ಲಚ್ ಬಿಡಿ. ಗಾಡಿ ಮೂತಿ ಏರಿನ ಕಡೆ ಇದ್ರೆ ಫಸ್ಟ್ ಗೇರ್, ಇಳಿಜಾರಿನ ಕಡೆ ಇದ್ರೆ ರಿವರ್ಸ್. ವಾಪಸ್ ಬಂದು ಸ್ಟಾರ್ಟ್ ಮಾಡುವಾಗ ಗೇರಲ್ಲಿದೆ ಅನ್ನೋದು ಮರೀಬೇಡಿ, ಬ್ರೇಕು ಕ್ಲಚ್ಚು ಎರಡೂ ಒತ್ತಿ ನ್ಯೂಟ್ರಲ್ ನೋಡ್ಕೊಂಡೇ ಕೀ ತಿರುಗಿಸಿ, ಇಲ್ಲಾಂದ್ರೆ ಗಾಡಿ ಎಗರುತ್ತೆ.

ಆಟೋಮ್ಯಾಟಿಕ್ ಇದ್ದವರಿಗೆ

ಇಲ್ಲಿ ಎಲ್ಲರೂ ಮಾಡೋದು ಏನಂದ್ರೆ ಗಾಡಿ ನಿಂತ ಕೂಡ್ಲೇ ಪಿ (ಪಾರ್ಕ್) ಗೆ ಹಾಕಿ ಕಾಲು ಎತ್ತೋದು, ಹ್ಯಾಂಡ್ ಬ್ರೇಕ್ ಆಮೇಲೆ ಎಳೆಯೋದು ಅಥವಾ ಎಳೀದೇ ಇರೋದು. ಪಿ ಲಿ ಗಾಡಿ ಹಿಡಿಯೋದು ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಂಡಿ, ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡು ನಿಲ್ಲುತ್ತೆ. ಇಳಿಜಾರಲ್ಲಿ ಇಡೀ ಗಾಡಿ ಭಾರ ಅದರ ಮೇಲೆ ಬಿದ್ರೆ ವಾಪಸ್ ತೆಗೆಯುವಾಗ ಲಿವರ್ ಬಿಗಿಯಾಗಿ ಟಕ್ ಅಂತ ಜೋರಾಗಿ ಸೌಂಡ್ ಬರುತ್ತಲ್ಲ, ಆ ಸೌಂಡು ಅದೇ. ಸರಿಯಾದ ಕ್ರಮ: ಬ್ರೇಕ್ ಒತ್ತಿ ನಿಲ್ಲಿಸಿ, ಎನ್ (ನ್ಯೂಟ್ರಲ್) ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೀರಿ, ಕಾಲು ಎತ್ತಿ ಭಾರ ಹ್ಯಾಂಡ್ ಬ್ರೇಕ್ ಮೇಲೆ ಕೂರ್ಲಿ, ಮತ್ತೆ ಬ್ರೇಕ್ ಒತ್ತಿ ಪಿ, ಆಮೇಲೆ ಆಫ್.

ಎಎಂಟಿ ಗಾಡಿಗಳ, ಅಂದ್ರೆ ಮ್ಯಾನುಯಲ್ ಗೇರ್‌ಬಾಕ್ಸೇ ಇದ್ದು ಕ್ಲಚ್, ಗೇರ್ ಕೆಲಸ ತಾನಾಗೇ ನಡೆಯೋ ಗಾಡಿಗಳ ವಿಷಯ ಬೇರೆ. ಸುಮಾರು ಮಾಡೆಲ್‌ಗಳಲ್ಲಿ ಪಿ ಅನ್ನೋದೇ ಇರಲ್ಲ, ಆರ್ (ರಿವರ್ಸ್), ಎನ್, ಡಿ (ಡ್ರೈವ್) ಅಷ್ಟೇ. ಎನ್ ಲಿ ಬಿಟ್ಟು ಹೋದ್ರೆ ಹ್ಯಾಂಡ್ ಬ್ರೇಕ್ ಒಂದೇ ಗತಿ. ಏರಲ್ಲಿ ಡಿ, ಇಳಿಜಾರಲ್ಲಿ ಆರ್ ಹಾಕಿ ಬ್ರೇಕ್ ಒತ್ಕೊಂಡೇ ಇಂಜಿನ್ ಆಫ್ ಮಾಡಿ, ಗೇರ್ ಹಾಗೇ ಉಳಿಯುತ್ತೆ. ನಿಮ್ಮ ಗಾಡಿಗೆ ಇದು ಹೇಗೆ ಅಂತ ಗಾಡಿ ಜೊತೆ ಬರೋ ಮ್ಯಾನುಯಲ್ ಪುಸ್ತಕದಲ್ಲಿ ಒಂದ್ಸಲ ಓದ್ಕೊಳ್ಳಿ.

ಸ್ವಿಚ್ ಇರೋ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕಲ್ಲಿ ಡ್ಯಾಶ್‌ಬೋರ್ಡಲ್ಲಿ ಕೆಂಪು ಲೈಟ್ ಬಂತಾ ಅಂತ ನೋಡಿನೇ ಇಳೀರಿ. ಆಟೋ ಹೋಲ್ಡ್ ಪಾರ್ಕಿಂಗ್ ಬ್ರೇಕ್ ಅಲ್ಲ, ಅದು ಸಿಗ್ನಲ್ಲಲ್ಲಿ ಕಾಲಿಗೆ ರೆಸ್ಟ್ ಕೊಡೋಕೆ ಇರೋದು, ಅದನ್ನ ನಂಬ್ಕೊಂಡು ಗಾಡಿಯಿಂದ ಇಳೀಬೇಡಿ.

ಸ್ಟೀರಿಂಗ್ ಯಾವ ಕಡೆ ತಿರುಗಿಸಬೇಕು

ಇದು ಮೂರನೇ ಕಾವಲು, ಎಲ್ಲಾ ಕೈಕೊಟ್ರೂ ಗಾಡಿ ರಸ್ತೆ ಮಧ್ಯಕ್ಕೆ ಬರಬಾರದು ಅಂತ. ನಾವು ಎಡಕ್ಕೆ ನಿಲ್ಲಿಸೋರು. ಇಳಿಜಾರಿಗೆ ಮುಖ ಮಾಡಿದ್ರೆ ಚಕ್ರ ಎಡಕ್ಕೆ ತಿರುಗಿಸಿ, ಜಾರಿದ್ರೆ ಫುಟ್‌ಪಾತ್ ಕಲ್ಲಿಗೆ ತಾಗಿ ನಿಲ್ಲುತ್ತೆ. ಏರಿಗೆ ಮುಖ ಮಾಡಿ, ಪಕ್ಕದಲ್ಲಿ ಫುಟ್‌ಪಾತ್ ಇದ್ರೆ ಬಲಕ್ಕೆ ತಿರುಗಿಸಿ, ಹಿಂದಕ್ಕೆ ಜಾರಿದಾಗ ಮುಂದಿನ ಎಡ ಟಯರಿನ ಹಿಂಭಾಗ ಕಲ್ಲಿಗೆ ಒರಗುತ್ತೆ. ಫುಟ್‌ಪಾತೇ ಇಲ್ಲದ ಕಡೆ ಏರೋ ಇಳಿಜಾರೋ ಎರಡಕ್ಕೂ ಎಡಕ್ಕೇ. ಆದ್ರೆ ಘಾಟಿಲಿ ಎಡಗಡೆ ಕಣಿವೆ ಇದ್ರೆ ಈ ಲೆಕ್ಕ ಯಾವುದೂ ನಡೆಯಲ್ಲ, ಅಲ್ಲಿ ನಿಲ್ಲಿಸ್ಲೇಬೇಡಿ, ಗುಡ್ಡ ಎಡಕ್ಕೆ ಬರೋ ಜಾಗ ಅಥವಾ ಕೊಟ್ಟಿಗೆಹಾರದಂಥ ಸಮತಟ್ಟು ಊರು ಸಿಗೋವರೆಗೆ ಹೋಗಿ, ಅಲ್ಲೇ ನೀರ್ ದೋಸೆನೂ ತಿನ್ನಬಹುದು.

ಚಕ್ರಕ್ಕೆ ಕಲ್ಲು ಕೊಡೋದು ಹಳೇ ಡ್ರೈವರ್‌ಗಳ ಒಳ್ಳೆ ಅಭ್ಯಾಸ. ಇಳಿಯೋ ದಿಕ್ಕಿಗೆ ಟಯರಿಗೆ ಅಂಟಿಸಿ ಇಡಬೇಕು, ಒಂದಡಿ ದೂರ ಇಟ್ರೆ ಗಾಡಿ ವೇಗ ತಗೊಂಡು ಹತ್ತಿಬಿಡುತ್ತೆ. ಹೊರಡುವಾಗ ದಯವಿಟ್ಟು ಆ ಕಲ್ಲನ್ನ ಎತ್ತಿ ಚರಂಡಿ ಆಚೆ ಹಾಕಿ. ಘಾಟಿ ತಿರುವಲ್ಲಿ ಹಾಗೇ ಬಿಟ್ಟುಹೋದ ಕಲ್ಲಿಗೆ ರಾತ್ರಿ ಮಂಜಲ್ಲಿ ಬೈಕಲ್ಲಿ ಬರೋ ಹುಡುಗರು ಬೀಳ್ತಾರೆ, ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿನೇ.

ಇದೆಲ್ಲ ಬರೀ ಬುದ್ಧಿಮಾತಲ್ಲ, ಕಾನೂನು ಕೂಡ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ, ಡ್ರೈವರ್ ಸೀಟಲ್ಲಿ ಲೈಸೆನ್ಸ್ ಇರೋರು ಇಲ್ಲಾಂದ್ರೆ ಇಂಜಿನ್ ನಿಲ್ಲಿಸಿ ಬ್ರೇಕ್ ಹಾಕಿ, ಇಲ್ಲವೇ ಬೇರೆ ವ್ಯವಸ್ಥೆ ಮಾಡಿ, ಗಾಡಿ ತಾನಾಗಿ ಚಲಿಸದ ಹಾಗೆ ಮಾಡಿರಲೇಬೇಕು. ಮಕ್ಕಳನ್ನ ಒಳಗೆ ಬಿಟ್ಟು ಹೋಗೋದಂತೂ ಬೇಡವೇ ಬೇಡ, ಹ್ಯಾಂಡ್ ಬ್ರೇಕ್ ಲಿವರಿನ ಬಟನ್ ಒತ್ತೋಕೆ ಐದು ವರ್ಷದ ಮಗುವಿನ ಬೆರಳೂ ಸಾಕು.

ಪಂಕ್ಚರ್ ಆದಾಗ ಇನ್ನೊಂದು ವಿಷಯ ತಲೇಲಿರ್ಲಿ. ಮುಂದಿನ ಒಂದು ಚಕ್ರ ಜಾಕ್ ಹಾಕಿ ಎತ್ತಿದ್ರೆ ಗೇರಿನ ಹಿಡಿತ ಹೋದಂಗೇ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ಅನ್ನೋ ಗೇರ್ ಇರೋದ್ರಿಂದ ಎತ್ತಿದ ಚಕ್ರ ಗಾಳಿಲಿ ತಿರುಗುತ್ತೆ, ನೆಲದ ಮೇಲಿರೋ ಚಕ್ರನೂ ಉರುಳಬಹುದು. ಹಿಂದಿನದು ಎತ್ತಿದ್ರೆ ಹ್ಯಾಂಡ್ ಬ್ರೇಕ್ ಹಿಡಿಯೋದು ಒಂದೇ ಚಕ್ರ. ಆದ್ದರಿಂದ ಸಮತಟ್ಟು ಜಾಗಕ್ಕೆ ತನ್ನಿ, ಎತ್ತೋ ಚಕ್ರದ ಓರೆ ಎದುರು ಇರೋ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟೇ ಜಾಕ್ ಮುಟ್ಟಿ.

ಏರಲ್ಲಿ ಗಾಡಿ ತೆಗೆಯೋದು, ಬ್ರೇಕ್ ಫೇಲ್ ಆದ್ರೆ

ಟ್ರಾಫಿಕ್‌ನಲ್ಲಿ ಫ್ಲೈಓವರ್ ಏರ್ತಾ ನಿಂತ್ರೆ ಹೊಸಬರಿಗೆ ಹಿಂದಿನ ಗಾಡಿ ಕಂಡೇ ಬೆವರು ಬರುತ್ತೆ. ಹ್ಯಾಂಡ್ ಬ್ರೇಕ್ ಎಳೀರಿ, ಫಸ್ಟ್ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹಾಫ್ ಕ್ಲಚ್‌ಗೆ ಬನ್ನಿ. ಇಂಜಿನ್ ಸೌಂಡ್ ಕುಗ್ಗಿ ಬಾನೆಟ್ ಸ್ವಲ್ಪ ಮೇಲೆದ್ದಂಗೆ ಆಗುತ್ತೆ, ಆ ಕ್ಷಣಕ್ಕೆ ಲಿವರ್ ಸ್ವಲ್ಪ ಮೇಲೆತ್ತಿ ಬಟನ್ ಒತ್ತಿ ಪೂರ್ತಿ ಕೆಳಗೆ ಬಿಡಿ. ಅರ್ಧ ಬಿಟ್ಟು ಓಡಿಸಿದ್ರೆ ಬ್ರೇಕ್ ಶೂ ಸುಟ್ಟ ವಾಸನೆ ಬರುತ್ತೆ, ಡ್ರಮ್ ಕಾಯುತ್ತೆ, ಹಾಗಾದ್ರೆ ನಿಲ್ಲಿಸಿ ತಾನಾಗೇ ಆರೋಕೆ ಬಿಡಿ, ನೀರು ಹೊಯ್ಯಬೇಡಿ. ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟಿದ್ರೂ ಡ್ಯಾಶ್‌ಬೋರ್ಡಲ್ಲಿ ಬ್ರೇಕಿನ ಕೆಂಪು ಲೈಟ್ ಉರೀತಾ ಇದ್ರೆ ಬ್ರೇಕ್ ಆಯಿಲ್ ಕಮ್ಮಿ ಆಗಿರಬಹುದು, ಮುಂದಕ್ಕೆ ಓಡಿಸಬೇಡಿ.

ಇಳಿಯುವಾಗ ಕಾಲಿನ ಬ್ರೇಕ್ ಹಿಡೀಲಿಲ್ಲ ಅಂದ್ರೆ ಪೆಡಲ್ ಪಂಪ್ ಮಾಡ್ತಾ ಒಂದೊಂದೇ ಗೇರ್ ಇಳಿಸಿ, ಬಟನ್ ಒತ್ಕೊಂಡೇ ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪ ಎಳೆದು ಬಿಟ್ಟು ಮಾಡಿ. ಗಾಬರಿಲಿ ಒಮ್ಮೆಗೇ ಜಗ್ಗಿದ್ರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಗಿರ್ರನೆ ತಿರುಗುತ್ತೆ.

ಹಿಡಿತ ಇದೆಯಾ ಅಂತ ನೋಡೋದು

ಬಟನ್ ಒತ್ತದೇ ಹ್ಯಾಂಡ್ ಬ್ರೇಕ್ ನಿಧಾನಕ್ಕೆ ಎಳೆದು ಟಕ್ ಟಕ್ ಎಣಿಸಿ. ಎಷ್ಟಿರಬೇಕು ಅನ್ನೋದು ಮ್ಯಾನುಯಲ್‌ನಲ್ಲಿರುತ್ತೆ, ಸುಮಾರು ಗಾಡಿಗಳಿಗೆ ಐದರಿಂದ ಏಳೆಂಟರ ಆಸುಪಾಸು. ಲಿವರ್ ಆಕಾಶ ನೋಡೋವರೆಗೂ ಬರ್ತಿದ್ರೆ ಗ್ಯಾರೇಜಿಗೆ ಹೋಗಿ, ಬರೀ ಕೇಬಲ್ ಟೈಟ್ ಮಾಡಿ ಕಳಿಸೋದು ಬೇಡ, ಡ್ರಮ್ ಬಿಚ್ಚಿ ಶೂ ನೋಡಿ ಅಂತ ಮೆಕ್ಯಾನಿಕ್‌ಗೆ ಹೇಳಿ.

ಮಲೆನಾಡು, ಕರಾವಳಿ ಕಡೆಯವರು ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ತೆಗೆಯಲ್ಲ ಅಂದ್ರೆ ಸಮತಟ್ಟು ಜಾಗದಲ್ಲಿ ಗೇರಲ್ಲಿ ಹಾಕಿ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಎಳೀದೇ ನಿಲ್ಲಿಸಿ, ಎಳೆದೇ ಇಟ್ರೆ ತೇವಕ್ಕೆ ಶೂ ಡ್ರಮ್‌ಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೆ. ಕಚ್ಚಿಕೊಂಡಿದ್ರೆ ಫಸ್ಟ್, ರಿವರ್ಸ್ ಅಂತ ಹಗುರಕ್ಕೆ ಮುಂದೆ ಹಿಂದೆ ಮಾಡಿ ನೋಡಿ, ಹೆಚ್ಚಿನ ಸಲ ಟಪ್ ಅಂತ ಬಿಡುತ್ತೆ. ಬಿಡ್ಲಿಲ್ಲ ಅಂದ್ರೆ ಎಳೆದಾಡೋಕೆ ಹೋಗ್ದೆ ಮೆಕ್ಯಾನಿಕ್‌ನ ಮನೆಗೇ ಕರೆಸಿ.