ಗುಂಡು ಉರುಳಿಸಿ ಗುರುತ್ವ ಅಳೆದ ಬಗೆ

ಇಳಿಜಾರಿನಲ್ಲಿ ಗುಂಡನ್ನು ಉರುಳಿಸಿ ಗುರುತ್ವ ವೇಗೋತ್ಕರ್ಷವನ್ನು, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದನ್ನು, ಅಳೆಯುವುದಕ್ಕೆ ಬೇಕಾಗುವ ಸಾಮಗ್ರಿ ಕಡಿಮೆ, ಲೆಕ್ಕವೂ ಸರಳ. ಆದರೆ ಉತ್ತರ ಸರಿಯಾಗಿ ಬರಬೇಕಾದರೆ ಇಳಿಜಾರನ್ನೂ ಕಾಲವನ್ನೂ ಎಚ್ಚರಿಕೆಯಿಂದ ಅಳೆದರಷ್ಟೇ ಸಾಲದು. ಗುಂಡು ತನ್ನ ಹಾದಿಯನ್ನು ಎಲ್ಲಿ ಮುಟ್ಟುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾನು ಈ ಪ್ರಯೋಗವನ್ನು ಕೈಗೆತ್ತಿಕೊಂಡದ್ದು ಮುಖ್ಯವಾಗಿ ಈ ಕೊನೆಯ ಅಂಶವನ್ನು ಕಣ್ಣಾರೆ ಕಾಣಬೇಕೆಂದು.

ಎರಡು ಮೀಟರ್‌ಗಿಂತ ತುಸು ಉದ್ದದ, ಒಳಗಲ 15 ಮಿಲಿಮೀಟರ್ ಇರುವ ಅಲ್ಯೂಮಿನಿಯಂ ಚಾನೆಲ್ (ಮೇಲ್ಭಾಗ ತೆರೆದ ತೊಟ್ಟಿಯಂಥ ಪಟ್ಟಿ) ಒಂದನ್ನು ಮೇಜಿನ ಮೇಲಿಟ್ಟು, ಎರಡು ಮೀಟರ್ ಓಟಕ್ಕೆ 10 ಸೆಂಟಿಮೀಟರ್ ಇಳಿತ ಬರುವಂತೆ ಅದರ ಒಂದು ತುದಿಯನ್ನು ಎತ್ತರಿಸಿದೆ. ಆಗ ಕೋನದ ಸೈನ್, ಅಂದರೆ ಇಳಿತವನ್ನು ಓಟದ ಉದ್ದದಿಂದ ಭಾಗಿಸಿದ ಬೆಲೆ, 0.05 ಆಗುತ್ತದೆ. ಘರ್ಷಣೆಯೇ ಇಲ್ಲದೆ ಜಾರುವ ವಸ್ತುವಾದರೆ ಅದರ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 0.49 ಮೀಟರ್ ಇರುತ್ತದೆ, ಎರಡು ಮೀಟರ್ ದಾಟಲು ಅದಕ್ಕೆ 2.86 ಸೆಕೆಂಡ್ ಸಾಕು. ಉರುಳುವ ಗುಂಡಿಗೆ ಇಷ್ಟು ವೇಗ ದಕ್ಕುವುದಿಲ್ಲ, ಏಕೆಂದರೆ ಎತ್ತರ ಕಳೆದುಕೊಂಡಾಗ ದೊರೆಯುವ ಶಕ್ತಿಯಲ್ಲಿ ಒಂದು ಪಾಲು ಅದನ್ನು ತಿರುಗಿಸುವುದಕ್ಕೆ ಹೋಗುತ್ತದೆ. ಸಮತಟ್ಟಾದ ಹಲಗೆಯ ಮೇಲೆ ಜಾರದೆ ಉರುಳುವ ಘನ ಗುಂಡಿನ ವಿಷಯದಲ್ಲಿ ಈ ಪಾಲು ಏಳರಲ್ಲಿ ಎರಡು. ಉಳಿದ ಐದು ಪಾಲು ಮಾತ್ರ ಮುಂದಕ್ಕೆ ಸಾಗುವ ಚಲನೆಗೆ. ಗುಂಡಿನ ತೂಕವಾಗಲಿ ಗಾತ್ರವಾಗಲಿ ಈ ಅನುಪಾತವನ್ನು ಬದಲಿಸುವುದಿಲ್ಲ.

ಚಾನೆಲ್‌ನಲ್ಲಿ ಮಾತ್ರ ಗಾತ್ರಕ್ಕೂ ಬೆಲೆ ಬರುತ್ತದೆ. ಅಲ್ಲಿ ಗುಂಡು ತಳವನ್ನು ಮುಟ್ಟದೆ ಎರಡು ಅಂಚುಗಳ ಮೇಲೆ ಕುಳಿತಿರುತ್ತದೆ. 25 ಮಿಲಿಮೀಟರ್ ವ್ಯಾಸದ ಉಕ್ಕಿನ ಬೇರಿಂಗ್ ಗುಂಡಿನ ತ್ರಿಜ್ಯ 12.5, ಚಾನೆಲ್‌ನ ಅರ್ಧ ಅಗಲ 7.5, ಹೀಗಾಗಿ ಪೈಥಾಗೊರಸನ ಪ್ರಮೇಯದಂತೆ ಗುಂಡಿನ ಕೇಂದ್ರವು ಅಂಚುಗಳ ಮಟ್ಟದಿಂದ ಸರಿಯಾಗಿ 10 ಮಿಲಿಮೀಟರ್ ಮೇಲಿರುತ್ತದೆ. ಉರುಳುವಿಕೆಯ ಮಟ್ಟಿಗೆ ಈ 10 ಮಿಲಿಮೀಟರೇ ತ್ರಿಜ್ಯ. ಒಂದು ಸುತ್ತಿಗೆ ಸಾಗುವ ದೂರ ಕಡಿಮೆಯಾದ್ದರಿಂದ, ಅಷ್ಟೇ ದೂರಕ್ಕೆ ಗುಂಡು ಹೆಚ್ಚು ಸುತ್ತು ತಿರುಗಬೇಕು, ತಿರುಗುವಿಕೆ ನುಂಗುವ ಶಕ್ತಿಯೂ ಹೆಚ್ಚುತ್ತದೆ. ಲೆಕ್ಕ ಹಾಕಿದರೆ ಮುಂದೆ ಸಾಗುವ ಪಾಲು ಹದಿಮೂರರಲ್ಲಿ ಎಂಟಕ್ಕೆ ಇಳಿದು, ಎರಡು ಮೀಟರಿಗೆ 3.64 ಸೆಕೆಂಡ್ ಬೇಕಾಗುತ್ತದೆ. ಸಮತಟ್ಟಾದ ಹಲಗೆಯ ಮೇಲಾದರೆ 3.38 ಸೆಕೆಂಡ್ ಸಾಕಿತ್ತು.

ಇಷ್ಟು ಸಣ್ಣ ವ್ಯತ್ಯಾಸವನ್ನು ಕೈಯಿಂದ ಒತ್ತುವ ಸ್ಟಾಪ್‌ವಾಚಿಗೆ ಒಪ್ಪಿಸುವುದು ತರವಲ್ಲ. ವಿಡಿಯೊದಲ್ಲೂ ಒಂದು ತೊಡಕಿದೆ: ಬಿಟ್ಟ ಮೊದಲ 0.05 ಸೆಕೆಂಡಿನಲ್ಲಿ ಗುಂಡು ಅರ್ಧ ಮಿಲಿಮೀಟರ್ ಕೂಡ ಕದಲಿರುವುದಿಲ್ಲವಾದ್ದರಿಂದ, ಅದು ಹೊರಟ ಕ್ಷಣ ಯಾವುದೆಂದು ಹೇಳುವುದು ಕಷ್ಟ. ಆದ್ದರಿಂದ ನಾನು ಶಬ್ದವನ್ನು ಆಶ್ರಯಿಸಿದೆ. ಗುಂಡು ಹೊರಡುವ ಜಾಗದಿಂದ 12.5, 50, 112.5 ಮತ್ತು 200 ಸೆಂಟಿಮೀಟರ್ ದೂರದಲ್ಲಿ ಚಾನೆಲ್‌ಗೆ ಅಡ್ಡಲಾಗಿ ತೆಳುವಾದ ಹೊಲಿಗೆ ದಾರವನ್ನು ಬಿಗಿಯಾಗಿ ಅಂಟಿಸಿದೆ. ಈ ದೂರಗಳು 1, 4, 9, 16ರ ಅನುಪಾತದಲ್ಲಿವೆ. ವೇಗೋತ್ಕರ್ಷ ಒಂದೇ ಸಮನಿದ್ದರೆ ದಾರಗಳ ಮೇಲೆ ಗುಂಡು ಹಾಯುವ ಟಕ್ ಶಬ್ದಗಳು ಸಮಾನ ಅಂತರದಲ್ಲಿ ಕೇಳಿಸಬೇಕು. ಕೇಳಿಸಿದವು ಕೂಡ, ಅದೂ ಬರಿಗಿವಿಗೇ ಗೊತ್ತಾಗುವಷ್ಟು ಸ್ಪಷ್ಟವಾಗಿ. ಮೊಬೈಲ್‌ನಲ್ಲಿ ಮುದ್ರಿಸಿದ ಶಬ್ದದ ಅಲೆಯನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗ ಪ್ರತಿ ಟಕ್ಕೂ ಚೂಪಾದ ಮುಳ್ಳಿನಂತೆ ಎದ್ದು ನಿಂತಿರುತ್ತದೆ, ಅವುಗಳ ನಡುವಿನ ಅಂತರವನ್ನು ಮಿಲಿಸೆಕೆಂಡಿನ ಮಟ್ಟಕ್ಕೆ ಓದಬಹುದು. ಹೊರಟ ಕ್ಷಣ ಗೊತ್ತಿರಬೇಕಾದ ಅಗತ್ಯವೇ ಇಲ್ಲ.

ಗುಂಡನ್ನು ಬೆರಳಿನಿಂದ ಬಿಟ್ಟರೆ ಅದಕ್ಕೆ ತಿಳಿಯದಂತೆ ಒಂದಿಷ್ಟು ತಿರುಗುವಿಕೆ ಸೇರಿಬಿಡುತ್ತದೆ. ಅದಕ್ಕಾಗಿ ಅಳತೆಪಟ್ಟಿಯೊಂದನ್ನು ಗುಂಡಿನ ಮುಂದೆ ಅಡ್ಡ ಹಿಡಿದು, ಇಳಿಜಾರಿನ ದಿಕ್ಕಿನಲ್ಲೇ ಸರ್ರನೆ ಎಳೆದುಕೊಳ್ಳುತ್ತಿದ್ದೆ.

ಟಕ್‌ಗಳ ನಡುವಿನ ಅಂತರ ಸುಮಾರು 0.91 ಸೆಕೆಂಡ್ ಬಂತು, ಅಂದರೆ ಪೂರ್ಣ ಓಟಕ್ಕೆ 3.64 ಸೆಕೆಂಡ್. ಉರುಳುವಿಕೆಯನ್ನು ಮರೆತು ಲೆಕ್ಕ ಹಾಕಿದರೆ ಇದರಿಂದ ಗುರುತ್ವ ವೇಗೋತ್ಕರ್ಷ 6.04 ಎಂದು ಬರುತ್ತದೆ. ಸಮತಟ್ಟು ಹಲಗೆಯ ಅನುಪಾತ ಹಿಡಿದರೆ 8.45, ಚಾನೆಲ್‌ನ ಅಗಲವನ್ನೂ ಪರಿಗಣಿಸಿದಾಗ 9.81, ಅಂದರೆ ಎಲ್ಲರೂ ಒಪ್ಪಿದ ಬೆಲೆಯೇ. ಒಂದೇ ಒಂದು ಎತ್ತರವನ್ನು ನಂಬುವುದು ಮಾತ್ರ ಸರಿಯಲ್ಲ, ಏಕೆಂದರೆ 10 ಸೆಂಟಿಮೀಟರಿನಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಉತ್ತರ ಶೇಕಡಾ ಒಂದರಷ್ಟು ಸರಿಯುತ್ತದೆ. ಬೇರೆ ಬೇರೆ ಎತ್ತರಗಳಲ್ಲಿ ಅಳೆದು, ವೇಗೋತ್ಕರ್ಷವನ್ನು ಸೈನ್ ಬೆಲೆಗೆ ಎದುರಾಗಿ ನಕ್ಷೆಯಲ್ಲಿ ಗುರುತಿಸಿ, ಆ ಸರಳರೇಖೆಯ ಓರೆಯ ಪ್ರಮಾಣದಿಂದ ಉತ್ತರ ತೆಗೆಯುವುದು ಮೇಲು. ಮೇಜಿನ ಸಣ್ಣ ವಾಲುವಿಕೆ ಮತ್ತು ಉರುಳುವಾಗಿನ ಪ್ರತಿರೋಧ ಆಗ ರೇಖೆಯನ್ನು ಮೇಲೆ ಕೆಳಗೆ ಸರಿಸುತ್ತವೆಯೇ ಹೊರತು ಅದರ ಓರೆಯನ್ನು ಕೆಡಿಸುವುದಿಲ್ಲ.

ಗೆಲಿಲಿಯೊ ಉದ್ದುದ್ದ ತೋಡು ಕೊರೆದ ಮರದ ತೊಲೆಯಲ್ಲಿ ಕಂಚಿನ ಗುಂಡು ಉರುಳಿಸಿ, ಸಣ್ಣ ಕೊಳವೆಯಿಂದ ಹರಿದ ನೀರನ್ನು ತೂಗಿ ಕಾಲ ಅಳೆದದ್ದನ್ನು 1638ರಲ್ಲಿ ಪ್ರಕಟಿಸಿದ. ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿದೆ ಎಂಬ ಅವನ ನಿಯಮಕ್ಕೆ ಗುಂಡಿನ ತಿರುಗುವಿಕೆಯಿಂದ ಯಾವ ಧಕ್ಕೆಯೂ ಬರಲಿಲ್ಲ, ಏಕೆಂದರೆ ಅದು ಎಲ್ಲ ದೂರಗಳಿಗೂ ಒಂದೇ ಗುಣಕವಾಗಿ ಸೇರುತ್ತದೆ. ಅನುಪಾತಗಳನ್ನೇ ಹುಡುಕಿದ ಅವನ ವಿವೇಕ ನನಗೆ ಈ ಪ್ರಯೋಗ ಮಾಡಿದ ಮೇಲೆ ಇನ್ನಷ್ಟು ದೊಡ್ಡದಾಗಿ ಕಾಣುತ್ತಿದೆ.

ಅದೇ ಚಾನೆಲ್‌ನಲ್ಲಿ 38 ಮಿಲಿಮೀಟರಿನ ಉಕ್ಕಿನ ಗುಂಡು ಲೆಕ್ಕದಂತೆ 3.47 ಸೆಕೆಂಡಿನಲ್ಲೇ ಇಳಿಯಬೇಕು. ಹೆಚ್ಚುಕಡಿಮೆ ಅಷ್ಟೇ ಬಂತು. ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು 24 ಮಿಲಿಮೀಟರ್ ಒಳಗಲದ ಇನ್ನೊಂದು ಚಾನೆಲ್. 25 ಮಿಲಿಮೀಟರಿನ ಗುಂಡು ಅದರಲ್ಲಿ ಆಳಕ್ಕೆ ಇಳಿದು ಕೂರುವುದರಿಂದ ಉರುಳುವ ತ್ರಿಜ್ಯ ಬರೀ 3.5 ಮಿಲಿಮೀಟರ್ ಉಳಿಯುತ್ತದೆ, ಶಕ್ತಿಯ ಆರರಲ್ಲಿ ಐದು ಪಾಲು ತಿರುಗುವಿಕೆಗೇ ಹೋಗುತ್ತದೆ. ಅದೇ ಇಳಿಜಾರನ್ನು ಇಳಿಯಲು ಅದಕ್ಕೆ ಏಳು ಸೆಕೆಂಡಿಗೂ ಹೆಚ್ಚು ಬೇಕು. ಅಂಚುಗಳ ಉಜ್ಜುವಿಕೆ ಸೇರಿ ನಿಜದಲ್ಲಿ ಇನ್ನೂ ತಡವಾಗುತ್ತದೆ. ಹೀಗೆ ನಿಧಾನವಾಗಿ ಬಂದ ಗುಂಡು ಚಾನೆಲ್‌ನ ಕೊನೆ ದಾಟಿ ಮೇಜನ್ನು ಮುಟ್ಟಿದೊಡನೆ ತಟ್ಟನೆ ಮುಂದಕ್ಕೆ ನುಗ್ಗುತ್ತದೆ. ಅದರ ಹೊರಮೈ ಮುನ್ನಡೆಯ ವೇಗಕ್ಕಿಂತ ಮೂರೂವರೆ ಪಟ್ಟು ಹೆಚ್ಚು ವೇಗದಲ್ಲಿ ತಿರುಗುತ್ತಿರುವುದರಿಂದ ಮೇಜಿನ ಘರ್ಷಣೆ ಅದನ್ನು ಮುಂದಕ್ಕೆ ತಳ್ಳುತ್ತದೆ. ಲೆಕ್ಕದ ಪ್ರಕಾರ ಸೆಕೆಂಡಿಗೆ 0.57 ಮೀಟರ್ ಇದ್ದ ವೇಗ ಸುಮಾರು 0.98ಕ್ಕೆ ಏರಿದ ಮೇಲೆ ಜಾರುವಿಕೆ ನಿಂತು, ಗುಂಡು ತನ್ನ ಪೂರ್ಣ ತ್ರಿಜ್ಯದ ಮೇಲೆ ಉರುಳತೊಡಗುತ್ತದೆ.